ಹೊಳೆದಂಡೆಯಲ್ಲಿ ಸಿಕ್ಕ ಮೊಟ್ಟೆಯಾಕಾರದ ಕಲ್ಲು ಪಳೆಯುಳಿಕೆಯೇ?

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ಹೊಳೆಯ ದಂಡೆ ಕುಸಿದ ಜಾಗದಲ್ಲಿ ನನಗೊಂದು ವಿಚಿತ್ರ ಕಲ್ಲು ಸಿಕ್ಕಿತು. ಸುಮಾರು 14 ಸೆಂಟಿಮೀಟರ್ ಉದ್ದ, ಮೊಟ್ಟೆಯದೇ ಆಕಾರ, ತುಕ್ಕಿನ ಕಂದು ಬಣ್ಣ. ಗಾತ್ರಕ್ಕೆ ಹೋಲಿಸಿದರೆ ಬಹಳ ಭಾರ. ಮೈತುಂಬಾ ಐದಾರು ಮೂಲೆಗಳ ಬಿರುಕುಗಳಿದ್ದು ಅವುಗಳಲ್ಲಿ ಹಳದಿ ಹರಳು ತುಂಬಿದೆ. ಒಂದು ತುದಿಯಲ್ಲಿ ಸಣ್ಣ ಚಕ್ಕೆ ಎದ್ದು ಬಂದಿದೆ. ಅಲ್ಲಿ ಸಿಪ್ಪೆಯಂತಹ ಪದರ ಕಾಣುತ್ತದೆ. ಅಲ್ಲೇ ಸಿಕ್ಕ ಇನ್ನೊಂದು ಚಪ್ಪಟೆ ಕಲ್ಲಿನ ಮೇಲೆ ಜರಿಗಿಡದ ಎಲೆಯನ್ನು ಹೋಲುವ ಕಪ್ಪು ಚಿತ್ರವಿದೆ. ನಾಲಿಗೆಗೆ ಅಂಟಿಕೊಂಡರೆ ಪಳೆಯುಳಿಕೆ ಎಂದು ಎಲ್ಲೋ ಓದಿ ಮೊದಲ ಕಲ್ಲನ್ನು ಪರೀಕ್ಷಿಸಿದೆ, ಸ್ವಲ್ಪ ಅಂಟಿತು. ಮನೆಯವರು ಒಡೆದು ನೋಡು ಎನ್ನುತ್ತಾರೆ. ಪರಿಚಯದವರೊಬ್ಬರು ಆಮ್ಲ ಹಾಕಿ ತೊಳೆಯಲು ಹೇಳಿದರು, ಮತ್ತೊಬ್ಬರು ಕೊಂಡುಕೊಳ್ಳಲು ಮುಂದೆ ಬಂದಿದ್ದಾರೆ. ಇದು ಡೈನೋಸಾರ್ ಮೊಟ್ಟೆಯೇ? ಕಾರ್ಬನ್ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ? ತಜ್ಞರ ಮುಂದೆ ಇಟ್ಟಾಗ ಬರೀ ಕಲ್ಲು ಎಂದುಬಿಟ್ಟರೆ ನಗೆಪಾಟಲಾಗುತ್ತೇನೆ ಎಂಬ ಅಳುಕೂ ಇದೆ.

ಉತ್ತರ: ನೇರವಾಗಿಯೇ ಹೇಳಿಬಿಡುತ್ತೇನೆ. ನೀವು ಕೊಟ್ಟ ವಿವರಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ, ನಿಮ್ಮ ಕಲ್ಲು ಡೈನೋಸಾರ್ ಮೊಟ್ಟೆಯಾಗಿರುವ ಸಂಭವ ತೀರಾ ಕಡಿಮೆ. ಅದು ಭೂವಿಜ್ಞಾನಿಗಳು ಕಾಂಕ್ರೀಶನ್ ಎನ್ನುವ ಗಂಟುಕಲ್ಲು. ಅದರಲ್ಲೂ ಒಳಗೆ ಬಿರುಕುಬಿಟ್ಟು, ಬಿರುಕುಗಳಲ್ಲಿ ಹರಳುಗಟ್ಟಿದ ಸೆಪ್ಟೇರಿಯನ್ ಬಗೆಯದು ಎಂದು ತೋರುತ್ತದೆ. ಚಪ್ಪಟೆ ಕಲ್ಲಿನ ಮೇಲಿನ ಜರಿಗಿಡ ಹೆಚ್ಚುಕಡಿಮೆ ಖಚಿತವಾಗಿ ಖನಿಜದ ಕೆಲಸ. ಆದರೂ ದಯವಿಟ್ಟು ಸುತ್ತಿಗೆಗೆ ಕೈಹಾಕಬೇಡಿ. ಗಂಟುಕಲ್ಲುಗಳ ಹೊಟ್ಟೆಯಲ್ಲಿ ನಿಜವಾದ ಪಳೆಯುಳಿಕೆ ಇರುವುದುಂಟು. ಅಲ್ಲದೆ, ಒಡೆಯದೆಯೇ ತೀರ್ಮಾನಕ್ಕೆ ಬರುವ ದಾರಿ ನಿಮ್ಮ ಬಳಿಯೇ ಇದೆ.

ನಿಮ್ಮ ಅಳುಕಿನ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಎಷ್ಟೋ ಒಳ್ಳೆಯ ಮಾದರಿಗಳು ನಮ್ಮವರೆಗೆ ತಲುಪದೇ ಹೋಗುವುದು ಅದರಿಂದಲೇ. 1956ರಲ್ಲಿ ಇಂಗ್ಲೆಂಡಿನ ಚಾರ್ನ್‌ವುಡ್ ಕಾಡಿನಲ್ಲಿ ಟೀನಾ ನೀಗಸ್ ಎಂಬ ಶಾಲಾ ಬಾಲಕಿ ಬಂಡೆಯ ಮೇಲೆ ಜರಿ ಎಲೆಯಂತಹ ಅಚ್ಚನ್ನು ಕಂಡಳು. ಅಷ್ಟು ಹಳೆಯ ಶಿಲೆಯಲ್ಲಿ ಪಳೆಯುಳಿಕೆ ಇರಲಾರದು ಎಂದು ಶಿಕ್ಷಕರು ಅವಳ ಮಾತನ್ನು ತಳ್ಳಿಹಾಕಿದರು. ಮರುವರ್ಷ ರೋಜರ್ ಮೇಸನ್ ಎಂಬ ಹುಡುಗ ಅದನ್ನೇ ಕಂಡು, ಬಂಡೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡ. ಅದು ಭೂವಿಜ್ಞಾನಿ ಟ್ರೆವರ್ ಫೋರ್ಡ್ ಅವರ ಕೈಸೇರಿ, 1958ರಲ್ಲಿ ಚಾರ್ನಿಯಾ ಎಂಬ ಹೆಸರು ಪಡೆಯಿತು. ಸುಮಾರು 56 ಕೋಟಿ ವರ್ಷ ಹಿಂದಿನ ಜೀವಿ ಅದು. ಸಂಕೀರ್ಣ ಜೀವದ ಇತಿಹಾಸವನ್ನೇ ಹಿಂದಕ್ಕೆ ಸರಿಸಿತು. ಮಗುವೊಂದು ತಂದು ತೋರಿಸಿದ ಕಲ್ಲನ್ನು ನೋಡದೆಯೇ ಪಕ್ಕಕ್ಕಿಡುವ ತಜ್ಞನ ಬಗ್ಗೆ ನನಗೆ ಸಿಟ್ಟು ಬರುತ್ತದೆ. ತೋರಿಸಲು ಬರುವವರ ಬಗ್ಗೆ ಗೌರವವಷ್ಟೇ ಇದೆ. ಹತ್ತರಲ್ಲಿ ಒಂಬತ್ತು ಬಾರಿ ಬರೀ ಕಲ್ಲು ಎನ್ನಬೇಕಾದರೂ ಅದು ನಮ್ಮ ದಿನನಿತ್ಯದ ಕೆಲಸವೇ.

ಇನ್ನು ಕಲ್ಲಿನ ವಿಚಾರ. ಪಳೆಯುಳಿಕೆಯನ್ನು ಗುರುತಿಸುವಾಗ ಜನ ಮೊದಲು ನೋಡುವುದು ಆಕಾರವನ್ನು. ನಾವು ಎಲ್ಲಕ್ಕಿಂತ ಕಡಿಮೆ ನಂಬುವುದು ಅದನ್ನೇ. ನೀರು, ಗಾಳಿ ಮತ್ತು ಖನಿಜದ ಬೆಳವಣಿಗೆ ಸೇರಿದರೆ ಮೊಟ್ಟೆ, ಹೃದಯ, ಪಾದ, ಹಲ್ಲಿಯ ತಲೆ ಎಲ್ಲವೂ ಕಲ್ಲಿನಲ್ಲಿ ಮೂಡುತ್ತವೆ. ಗಟ್ಟಿಕಲ್ಲು ಯಾವುದೇ ಇರಲಿ, ಹೊಳೆಯಲ್ಲಿ ಸಾಕಷ್ಟು ದೂರ ಉರುಳಿದರೆ ಅಂಡಾಕಾರಕ್ಕೆ ಬರುತ್ತದೆ. ಜೀವಿಯ ಗುರುತು ಹುಡುಕಬೇಕಾದದ್ದು ಒಳರಚನೆಯಲ್ಲಿ, ಅದು ಬಂದ ಶಿಲೆಯಲ್ಲಿ, ಅದರ ಅಕ್ಕಪಕ್ಕದಲ್ಲಿ.

ಗಂಟುಕಲ್ಲು ಹುಟ್ಟುವ ಬಗೆ ತಿಳಿದರೆ ನಿಮ್ಮ ಕಲ್ಲಿನ ಅರ್ಧ ಲಕ್ಷಣಗಳಿಗೆ ವಿವರಣೆ ಸಿಗುತ್ತದೆ. ಸಮುದ್ರ, ಸರೋವರ ಅಥವಾ ನದಿಯ ತಳದಲ್ಲಿ ಹೂಳು ಇನ್ನೂ ಮೆತ್ತಗಿರುವಾಗ ಅದರ ರಂಧ್ರಗಳಲ್ಲಿ ಖನಿಜಭರಿತ ನೀರು ಓಡಾಡುತ್ತಿರುತ್ತದೆ. ಎಲ್ಲೋ ಒಂದು ಬಿಂದುವಿನಲ್ಲಿ, ಹಲವು ಸಲ ಕೊಳೆಯುತ್ತಿರುವ ಎಲೆ, ಚಿಪ್ಪು ಅಥವಾ ಮೀನಿನ ಸುತ್ತ, ನೀರಿನ ರಾಸಾಯನಿಕ ಸಮತೋಲ ಬದಲಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆದ ಕ್ಯಾಲ್ಸೈಟ್ ಅಥವಾ ಕಬ್ಬಿಣದ ಕಾರ್ಬೊನೇಟ್ ಆದ ಸಿಡರೈಟ್ ನೀರಿನಿಂದ ಬೇರ್ಪಟ್ಟು ಕೂಡುತ್ತದೆ. ಅದು ಹೂಳಿನ ಕಣಗಳನ್ನೇ ಬೆಸೆಯುತ್ತ ಎಲ್ಲ ದಿಕ್ಕಿಗೂ ಬೆಳೆಯುತ್ತದೆ. ಆದ್ದರಿಂದಲೇ ಗುಂಡಗೆ ಅಥವಾ ಅಂಡಾಕಾರಕ್ಕೆ ಬರುತ್ತದೆ. ಆಮೇಲೆ ಗಂಟಿನ ಒಳಭಾಗ ಕುಗ್ಗಿ, ಬೇಸಿಗೆಯಲ್ಲಿ ಒಣಗಿದ ಕೆರೆಯ ಅಂಗಳದಂತೆ ಬಿರಿಯುತ್ತದೆ. ಬಿರುಕುಗಳು ನಡುವೆ ಅಗಲ, ಹೊರಗೆ ಹೋದಂತೆ ಕಿರಿದು. ಮುಂದೆ ಯಾವಾಗಲೋ ಅವುಗಳಲ್ಲಿ ಹಳದಿ ಅಥವಾ ಕಂದು ಕ್ಯಾಲ್ಸೈಟ್ ಹರಳುಗಟ್ಟುತ್ತದೆ. ಹೊರಮೈ ಸವೆದಾಗ ಈ ಹರಳಿನ ಗೆರೆಗಳು ಬಹುಭುಜಗಳ ಜಾಲವಾಗಿ ಕಾಣುತ್ತವೆ. ಇಂಥ ಕಲ್ಲುಗಳನ್ನು ಕಲ್ಲಾದ ಆಮೆ ಎಂದು ನಂಬಿದವರೂ ಬಹಳ.

ತುಕ್ಕು ಬಣ್ಣ ಮತ್ತು ಭಾರವೂ ಇದಕ್ಕೆ ಹೊಂದುತ್ತವೆ. ಭಾರವನ್ನು ಅಂದಾಜಿನ ಬದಲು ಅಳೆದೇ ನೋಡಬಹುದು. ಕಲ್ಲನ್ನು ತೂಗಿ, ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರಿನ ಪ್ರಮಾಣವನ್ನು ಮಿಲಿಲೀಟರ್‌ಗಳಲ್ಲಿ ಅಳೆಯಿರಿ. ತೂಕದ ಗ್ರಾಂಗಳನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಕ್ಯಾಲ್ಸೈಟ್‌ನ ಸಾಂದ್ರತೆ ಸುಮಾರು 2.7, ಮರಳಿನ ಕ್ವಾರ್ಟ್ಸ್‌ನದು ಸುಮಾರು 2.65, ಸಿಡರೈಟ್‌ನದು ಸುಮಾರು 3.9. ನಿಮ್ಮ ಲೆಕ್ಕ 3ನ್ನು ದಾಟಿದರೆ ಕಬ್ಬಿಣದ ಖನಿಜ ಧಾರಾಳವಾಗಿ ಇದೆ ಎಂದರ್ಥ. ಮರಳು ಅಥವಾ ಕ್ಯಾಲ್ಸೈಟ್ ತುಂಬಿದ ಸಾಮಾನ್ಯ ಪಳೆಯುಳಿಕೆ ಮೊಟ್ಟೆ ಅಷ್ಟು ಭಾರವಿರುವುದಿಲ್ಲ. 3ಕ್ಕಿಂತ ಕಡಿಮೆ ಬಂದರೆ ಮಾತ್ರ ಅದರಿಂದ ಏನೂ ತೀರ್ಮಾನವಾಗದು. ಸುಣ್ಣದ ಗಂಟುಕಲ್ಲೂ ಅಷ್ಟೇ ತೂಗುತ್ತದೆ.

ಹಾಗಾದರೆ ನಿಜವಾದ ಮೊಟ್ಟೆ ಹೇಗಿರುತ್ತದೆ? ನರ್ಮದಾ ಕಣಿವೆಯಲ್ಲಿ ಸಿಕ್ಕ, ಟೈಟನೋಸಾರ್ ಎಂಬ ಉದ್ದ ಕತ್ತಿನ ಡೈನೋಸಾರ್‌ಗಳ ಗೂಡುಗಳ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು: 92 ಗೂಡುಗಳು, 256 ಮೊಟ್ಟೆಗಳು. ಮೊಟ್ಟೆಗಳ ವ್ಯಾಸ ಸುಮಾರು 15ರಿಂದ 17 ಸೆಂಟಿಮೀಟರ್. ನಿಮ್ಮ ಕಲ್ಲಿನ ಅಳತೆಗೆ ಹತ್ತಿರವೇ. ಆದರೆ ಅವು ಹೆಚ್ಚುಕಡಿಮೆ ಗೋಲಾಕಾರದವು; ಒಂದು ತುದಿ ಚೂಪಾದ, ನಮ್ಮ ಕಣ್ಣಿಗೆ ಪರಿಚಿತವಾದ ಆ ಮೊಟ್ಟೆಯ ಆಕಾರ ಅವುಗಳಿಗಿಲ್ಲ. ಮಂಗೋಲಿಯಾದಲ್ಲಿ 1923ರಲ್ಲಿ ಸಿಕ್ಕ ಪ್ರಸಿದ್ಧ ಮೊಟ್ಟೆಗಳು ನೀಳವಾಗಿದ್ದವು. ಅವು ಸಿಕ್ಕಿದ್ದೂ ಗೂಡಿನಲ್ಲಿ, ಗುಂಪಾಗಿ. ಒಂಟಿ ಮೊಟ್ಟೆ ಸಿಗುವುದೇ ಇಲ್ಲವೆಂದಲ್ಲ. ಆದರೆ ಮೊಟ್ಟೆಯಿರುವ ಪದರದಲ್ಲಿ ಸಾಮಾನ್ಯವಾಗಿ ಚಿಪ್ಪಿನ ಚೂರುಗಳೂ ಚದುರಿಕೊಂಡಿರುತ್ತವೆ.

ನಿರ್ಣಾಯಕವಾದದ್ದು ಆ ಚಿಪ್ಪು. ನಿಮ್ಮ ಕಲ್ಲಿನ ಎದ್ದ ಚಕ್ಕೆಯ ಅಂಚನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ, ಓರೆಯಾಗಿ ಬೀಳುವ ಬೆಳಕಿನಲ್ಲಿ ನೋಡಿ. ಮೊಟ್ಟೆಯ ಚಿಪ್ಪಾದರೆ ಅದು ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ದಪ್ಪದ ಒಂದೇ ಪದರವಾಗಿ, ಎಲ್ಲೆಡೆ ಹೆಚ್ಚುಕಡಿಮೆ ಅದೇ ದಪ್ಪದಲ್ಲಿ ಇರುತ್ತದೆ. ಅದರ ಒಳಗೂ ಹೊರಗೂ ಗಡಿ ಸ್ಪಷ್ಟ. ಅಡ್ಡಕೊಯ್ತದಲ್ಲಿ ಕ್ಯಾಲ್ಸೈಟ್‌ನ ಸಣ್ಣ ಸಣ್ಣ ಕಂಬಗಳು ಮೇಲ್ಮೈಗೆ ಲಂಬವಾಗಿ, ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಒಳಗಿನ ತುದಿಯಲ್ಲಿ ಅವು ಮೊನಚಾಗಿ, ಹೊರಗೆ ಹೋದಂತೆ ಅಗಲವಾಗುತ್ತವೆ. ಹೊರಮೈಯಲ್ಲಿ ಸೂಕ್ಷ್ಮ ಗುಳ್ಳೆಗಳು ಅಥವಾ ಏಣುಗಳು, ನಡುನಡುವೆ ಮರಿಗೆ ಉಸಿರಾಡಲು ಗಾಳಿ ಹೋಗುತ್ತಿದ್ದ ರಂಧ್ರಗಳು. ಮೊಟ್ಟೆ ಹೂತು ಅದುಮಲ್ಪಟ್ಟಾಗ ಚಿಪ್ಪು ಮುರಿದು, ಚೂರುಗಳು ಅತ್ತಿತ್ತ ಸರಿದು, ಒಂದರ ಮೇಲೊಂದು ಏರಿರುತ್ತವೆ.

ಗಂಟುಕಲ್ಲಿನ ಸಿಪ್ಪೆಯ ಕಥೆಯೇ ಬೇರೆ. ಗಾಳಿ, ನೀರು ತಾಗಿ ಹೊರಭಾಗದ ಕಬ್ಬಿಣ ತುಕ್ಕುಹಿಡಿದಾಗ ಮೂಡುವ ಪದರ ಅದು. ದಪ್ಪ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ. ಬಣ್ಣ ಒಳಕ್ಕೆ ಹೋದಂತೆ ಕ್ರಮೇಣ ತಿಳಿಯಾಗುತ್ತದೆ. ಒಂದರ ಕೆಳಗೊಂದು ಇನ್ನೂ ಎರಡು ಮೂರು ಪದರ ಇರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿರುವ ಮರಳು ಅಥವಾ ಜೇಡಿಯ ಕಣಗಳೇ ಸಿಪ್ಪೆಯಲ್ಲೂ ಮುಂದುವರಿದಿರುತ್ತವೆ. ಹೂಳಿನ ತೆಳು ಪದರಗೆರೆಗಳು ಕಲ್ಲಿನ ಒಂದು ಬದಿಯಿಂದ ಇನ್ನೊಂದು ಬದಿಗೆ ನೇರ ಹಾದುಹೋಗಿದ್ದರೆ, ಅದು ಹೂಳಿನಲ್ಲೇ ಬೆಳೆದ ಗಂಟು ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ.

ಜರಿಗಿಡದ ಚಿತ್ರಕ್ಕೆ ಡೆಂಡ್ರೈಟ್ ಎಂದು ಹೆಸರು. ಕಲ್ಲಿನ ಬಿರುಕಿನೊಳಗೆ ನುಸುಳಿದ ನೀರು ಮ್ಯಾಂಗನೀಸ್ ಅಥವಾ ಕಬ್ಬಿಣದ ಆಕ್ಸೈಡನ್ನು ಕವಲುಕವಲಾಗಿ ಇಳಿಸುತ್ತ ಹೋಗುತ್ತದೆ. ಇದು ಪಳೆಯುಳಿಕೆ ಎಂದು ನಂಬಿಸುವಷ್ಟು ಸುಂದರ. ನನಗೆ ತೋರಿಸಲು ತರುವ ಕಲ್ಲುಗಳಲ್ಲಿ ಇದೇ ಹೆಚ್ಚು. ಭೂತಗನ್ನಡಿ ಹಿಡಿದು ನಾಲ್ಕು ಸಂಗತಿ ನೋಡಿ. ಕವಲುಗಳು ಕಲ್ಲಿನ ಅಂಚಿನಿಂದ ಅಥವಾ ಒಂದು ಬಿರುಕುಗೆರೆಯಿಂದ ಹೊರಟಿವೆಯೇ? ಒಂದು ಕವಲು ಇನ್ನೊಂದನ್ನು ಎಲ್ಲಾದರೂ ದಾಟಿದೆಯೇ? ಎಲೆಯ ನಡುನರ, ಅದರಿಂದ ಕವಲೊಡೆದ ಸೂಕ್ಷ್ಮ ನರಗಳು ಇವೆಯೇ? ಬೆರಳಿಗೆ ಉಬ್ಬು ತಗ್ಗು ತಾಗುತ್ತದೆಯೇ? ಡೆಂಡ್ರೈಟ್‌ನ ಕವಲುಗಳು ಅಂಚಿನಿಂದ ಹೊರಡುತ್ತವೆ, ಒಂದನ್ನೊಂದು ದಾಟುವುದಿಲ್ಲ, ನರಗಳಿರುವುದಿಲ್ಲ, ಬಣ್ಣ ಬಳಿದಷ್ಟು ತೆಳ್ಳಗಿರುತ್ತವೆ. ನಿಜವಾದ ಜರಿ ಎಲೆಯಲ್ಲಿ ಕಿರುಎಲೆಗಳು ದಂಟಿನ ಎರಡೂ ಬದಿಗೆ ಕ್ರಮವಾಗಿ ಜೋಡಣೆಯಾಗಿ, ತುದಿಯತ್ತ ಚಿಕ್ಕದಾಗುತ್ತ ಹೋಗುತ್ತವೆ; ಮುರಿದ, ಮಡಚಿದ, ಒಂದರ ಮೇಲೊಂದು ಬಿದ್ದ ಎಲೆಗಳೂ ಇರುತ್ತವೆ. ಅದು ಹೂಳಿನ ಪದರದ ಮೇಲೆ ಮಲಗಿರುತ್ತದೆ, ಪದರವನ್ನು ಅಡ್ಡ ಸೀಳಿದ ಬಿರುಕಿನಲ್ಲಿ ಇರುವುದಿಲ್ಲ.

ನಾಲಿಗೆಯ ಪರೀಕ್ಷೆಯನ್ನು ಮತ್ತೆ ಮಾಡಬೇಡಿ. ಮೂಳೆಯ ಸೂಕ್ಷ್ಮ ರಂಧ್ರಗಳು ತೇವವನ್ನು ಎಳೆದುಕೊಳ್ಳುವುದರಿಂದ ಅದು ನಾಲಿಗೆಗೆ ಅಂಟುತ್ತದೆ ಎಂಬುದು ನಿಜ. ಆದರೆ ಒಣಜೇಡಿ, ಸೀಮೆಸುಣ್ಣದಂಥ ಕಲ್ಲು, ತುಕ್ಕುಹಿಡಿದು ರಂಧ್ರಬಿದ್ದ ಹೊರಪದರ, ಮೊನ್ನೆ ಮೊನ್ನೆ ಸತ್ತ ಪ್ರಾಣಿಯ ಮೂಳೆ ಎಲ್ಲವೂ ಅಂಟುತ್ತವೆ. ಸಂಪೂರ್ಣ ಸಿಲಿಕಾ ತುಂಬಿದ ಅಸಲಿ ಪಳೆಯುಳಿಕೆ ಅಂಟುವುದೇ ಇಲ್ಲ. ಹೊಳೆಯ ಕೊಳಕು ಬಾಯಿಗೆ ಹೋಗುವುದಷ್ಟೇ ಲಾಭ.

ಆಮ್ಲದ ಸಲಹೆ ಇದಕ್ಕಿಂತ ಅಪಾಯಕಾರಿ. ಆಮ್ಲ ಬಿದ್ದಾಗ ನೊರೆ ಬಂದರೆ ಅಲ್ಲಿ ಕಾರ್ಬೊನೇಟ್ ಇದೆ ಎಂದಷ್ಟೇ ಗೊತ್ತಾಗುತ್ತದೆ. ನಿಮ್ಮ ಬಿರುಕಿನ ಹಳದಿ ಹರಳು ಬಹುಶಃ ನೊರೆ ಎಬ್ಬಿಸುತ್ತದೆ. ಮೊಟ್ಟೆಯ ಚಿಪ್ಪೂ ಕ್ಯಾಲ್ಸೈಟ್‌ನದೇ. ನನ್ನ ಊಹೆ ತಪ್ಪಾಗಿ ಅದು ನಿಜಕ್ಕೂ ಮೊಟ್ಟೆಯಾಗಿದ್ದರೆ, ಅದನ್ನು ಸಾಬೀತುಪಡಿಸಬಲ್ಲ ಏಕೈಕ ಭಾಗವನ್ನು ನೀವೇ ಕರಗಿಸಿಬಿಟ್ಟಂತಾಗುತ್ತದೆ. ಸುಣ್ಣಕಲ್ಲಿನಿಂದ ಮೂಳೆ ಬಿಡಿಸಲು ಪ್ರಯೋಗಾಲಯಗಳಲ್ಲಿ ಅಸಿಟಿಕ್ ಆಮ್ಲ ಬಳಸುವುದುಂಟು. ಅದು ತೀರಾ ದುರ್ಬಲ ದ್ರಾವಣ, ಹೊರಬಂದ ಮೂಳೆಗೆ ಪ್ರತಿ ಸಲವೂ ರಕ್ಷಣಾಲೇಪ ಹಚ್ಚುತ್ತ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಸುವ ಕೆಲಸ.

ಕಾರ್ಬನ್ ಪರೀಕ್ಷೆ ಇಲ್ಲಿ ನಿರುಪಯೋಗಿ. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, 5,730 ವರ್ಷ. ಸುಮಾರು 50,000 ವರ್ಷ ಕಳೆದ ಮೇಲೆ ಅಳೆಯುವಷ್ಟು ಉಳಿದಿರುವುದಿಲ್ಲ. ಹಕ್ಕಿಗಳನ್ನು ಬಿಟ್ಟರೆ ಡೈನೋಸಾರ್‌ಗಳು ಅಳಿದದ್ದು ಸುಮಾರು 6.6 ಕೋಟಿ ವರ್ಷ ಹಿಂದೆ. ಅಷ್ಟು ಹಳೆಯ ಪಳೆಯುಳಿಕೆಯ ವಯಸ್ಸನ್ನು ಅದು ಸಿಕ್ಕ ಶಿಲಾಪದರದಿಂದ, ಆ ಪದರದ ಮೇಲೆ ಕೆಳಗಿರುವ ಜ್ವಾಲಾಮುಖಿ ಬೂದಿಯ ಜಿರ್ಕಾನ್ ಹರಳುಗಳಲ್ಲಿನ ಯುರೇನಿಯಂ ಮತ್ತು ಸೀಸದ ಅನುಪಾತದಿಂದ ಲೆಕ್ಕ ಹಾಕುತ್ತಾರೆ. ಪದರದಿಂದ ಬೇರ್ಪಟ್ಟ ಕಲ್ಲಿಗೆ ಈ ದಾರಿ ಮುಚ್ಚಿಹೋಗುತ್ತದೆ.

ಶಿಲೆಯ ಬಗೆಯೂ ಬಹಳಷ್ಟು ಹೇಳುತ್ತದೆ. ಮರಳುಗಲ್ಲು, ಜೇಡಿಗಲ್ಲು, ಸುಣ್ಣಕಲ್ಲು ಮೊದಲಾದ ಪದರುಶಿಲೆಗಳಲ್ಲಿ ಪಳೆಯುಳಿಕೆ ಹುಡುಕಬಹುದು. ಕರಗಿದ ಶಿಲಾರಸ ಆಳದಲ್ಲಿ ತಣಿದು ಆದ ಗ್ರಾನೈಟಿನಲ್ಲಿ ಅವು ಇರಲಾರವು. ಲಾವಾ ಹಾಸುಗಳ ನಡುವೆ ಸಿಕ್ಕಿಕೊಂಡ ಕೆರೆಯ ಹೂಳಿನಲ್ಲಿ ಚಿಪ್ಪು, ಬೀಜ, ಎಲೆಗಳು ಸಿಗುವುದುಂಟು. ತೀವ್ರ ಒತ್ತಡ, ಶಾಖಕ್ಕೆ ಸಿಕ್ಕ ರೂಪಾಂತರ ಶಿಲೆ ಪರಿಣತರನ್ನೂ ಏಮಾರಿಸಿದೆ. ಕೆನಡಾದ ಅಂಥ ಶಿಲೆಯಲ್ಲಿ ಕಂಡ ಪಟ್ಟೆಗಳನ್ನು 1865ರಲ್ಲಿ ಜಾನ್ ವಿಲಿಯಂ ಡಾಸನ್ ಎಂಬ ಹೆಸರಾಂತ ಭೂವಿಜ್ಞಾನಿ ಅತಿ ಪ್ರಾಚೀನ ಜೀವಿಯ ಪಳೆಯುಳಿಕೆ ಎಂದು ವಿವರಿಸಿ ಇಯೊಜೋನ್ ಎಂದು ಹೆಸರಿಟ್ಟರು. ದಶಕಗಳ ಕಾಲ ವಾದ ನಡೆಯಿತು. 1894ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಉಗುಳಿದ ಸುಣ್ಣಕಲ್ಲಿನ ತುಂಡುಗಳಲ್ಲಿ ಅಂಥವೇ ಪಟ್ಟೆಗಳು ಸಿಕ್ಕಿ, ಶಾಖದಿಂದಲೇ ಅವು ಮೂಡುತ್ತವೆ ಎಂಬುದು ಗೊತ್ತಾಯಿತು.

ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಮುಖ. ಮೊಟ್ಟೆಯಂತಹ ಕಲ್ಲನ್ನು ಎಲ್ಲರೂ ಜತನವಾಗಿ ಮನೆಗೆ ತರುತ್ತಾರೆ. ಅಸಲಿ ಪಳೆಯುಳಿಕೆಯನ್ನು ಕಾಲಿನಿಂದ ಸರಿಸಿ ಮುಂದೆ ನಡೆಯುತ್ತಾರೆ. ಮೂಳೆಯ ಚೂರು ಸಾಮಾನ್ಯವಾಗಿ ಬೂದು ಬಣ್ಣದ, ಆಕಾರವಿಲ್ಲದ ತುಂಡು. ಅದರ ಮುರಿದ ಮುಖದಲ್ಲಿ ಮಾತ್ರ ಹೊರಗೆ ದಟ್ಟವಾದ ಪದರ, ಒಳಗೆ ಜಾಲರಿಯಂತೆ ಹೆಣೆದ ಸಣ್ಣ ಕೋಶಗಳು ಕಾಣುತ್ತವೆ. ಕಲ್ಲಾದ ಮರದಲ್ಲಿ ಉದ್ದಕ್ಕೆ ಸಾಗುವ ನಾರಿನ ಗೆರೆಗಳಿರಬೇಕು, ಹಲವು ಸಲ ಬೆಳವಣಿಗೆಯ ಉಂಗುರಗಳೂ ಕಾಣುತ್ತವೆ. ಬರೀ ಪಟ್ಟೆಗಳಿದ್ದರೆ ಅದು ಕಬ್ಬಿಣದ ನೀರು ಎಳೆದ ಬಣ್ಣದ ಗೆರೆಯಾಗಿರಬಹುದು. ಹಲ್ಲಿನ ಎನಾಮೆಲ್ ಕೋಟ್ಯಂತರ ವರ್ಷದ ನಂತರವೂ ಹೊಳೆಯುತ್ತದೆ. ಇಂಥ ಸಾದಾ ಚೂರುಗಳು ನಿಮ್ಮ ಕುಸಿದ ದಂಡೆಯಲ್ಲಿ ಇವೆಯೇ ಎಂಬುದು ಆ ಮೊಟ್ಟೆಗಿಂತ ನನ್ನ ಕುತೂಹಲವನ್ನು ಹೆಚ್ಚಿಸಿದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಒಡೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಅಮೆರಿಕದ ಇಲಿನಾಯ್‌ನ ಮೇಜನ್ ಕ್ರೀಕ್‌ನಲ್ಲಿ ಸಿಗುವ ಸಿಡರೈಟ್ ಗಂಟುಗಳೊಳಗೆ ಸುಮಾರು 31 ಕೋಟಿ ವರ್ಷ ಹಿಂದಿನ ಜರಿ ಎಲೆ, ಕೀಟ, ಮೂಳೆಯೇ ಇಲ್ಲದ ಮೆತ್ತನೆ ದೇಹದ ಜೀವಿಗಳು ಉಳಿದುಬಂದಿವೆ. ಗಂಡಕಿ ನದಿಯ ಕಪ್ಪು ಸಾಲಿಗ್ರಾಮ ಶಿಲೆಗಳ ಒಳಗೆ ಅಮೊನೈಟ್ ಎಂಬ ಸಾಗರಜೀವಿಯ ಸುರುಳಿ ಚಿಪ್ಪಿನ ಅಚ್ಚು ಇರುತ್ತದೆ. ಮೇಜನ್ ಕ್ರೀಕ್‌ನಲ್ಲಿ ಸಂಗ್ರಾಹಕರು ಗಂಟುಗಳನ್ನು ನೀರಿನಲ್ಲಿ ನೆನೆಸಿ, ಹೆಪ್ಪುಗಟ್ಟಿಸಿ, ಕರಗಿಸಿ, ಇದನ್ನೇ ಮತ್ತೆ ಮತ್ತೆ ಮಾಡಿ ಅವು ತಾವಾಗಿ ಸೀಳುವವರೆಗೆ ಕಾಯುತ್ತಾರೆ. ನಿಮ್ಮದರಲ್ಲಿ ಈಗಾಗಲೇ ಹರಳು ತುಂಬಿದ ಬಿರುಕುಗಳಿರುವುದರಿಂದ ಈ ವಿಧಾನವೂ ಬೇಡ; ಎರಡು ಹೋಳಾಗುವ ಬದಲು ಬಿರುಕುಗಳ ಉದ್ದಕ್ಕೂ ತುಂಡುತುಂಡಾಗುವ ಸಂಭವವೇ ಹೆಚ್ಚು.

ಸಿಟಿ ಸ್ಕ್ಯಾನ್ ಬಗ್ಗೆ ಹಲವರು ಕೇಳುತ್ತಾರೆ. ಕಲ್ಲಿಗೆ ಹಾನಿಯಿಲ್ಲ, ನಿಜ. ಆದರೆ ಒಳಗಿನ ವಸ್ತುವಿಗೂ ಸುತ್ತಲಿನ ಕಲ್ಲಿಗೂ ಸಾಂದ್ರತೆಯಲ್ಲಿ ವ್ಯತ್ಯಾಸ ಇದ್ದರೆ ಮಾತ್ರ ಏನಾದರೂ ಕಾಣುತ್ತದೆ, ಮತ್ತು ಕಬ್ಬಿಣ ಹೆಚ್ಚಿರುವ ಕಲ್ಲು ಎಕ್ಸ್-ರೇಯನ್ನು ಹೀರಿಕೊಂಡು ಚಿತ್ರವನ್ನು ಮಬ್ಬಾಗಿಸುತ್ತದೆ. ಮಸುಕು ಚಿತ್ರದಲ್ಲಿ ಭ್ರೂಣವನ್ನು ಕಲ್ಪಿಸಿಕೊಳ್ಳುವುದು ಬಹಳ ಸುಲಭ. ಗರಗಸದಿಂದ ಸೀಳಿಸುವುದು ಖಚಿತ ಉತ್ತರ ಕೊಡುತ್ತದೆ. ಆದರೆ ಸೀಳಿದ ಮೇಲೆ ಹಿಂದಿನ ಸ್ಥಿತಿಗೆ ತರಲಾಗದು. ಒಣಗರಗಸದಿಂದ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು, ಹಾಗಾಗಿ ಮನೆಯಲ್ಲಿ ಪ್ರಯತ್ನಿಸಲೇಬೇಡಿ.

ನಾನು ನಿಮಗೆ ಸೂಚಿಸುವುದು, ತುದಿಯಿಂದ ಈಗಾಗಲೇ ಎದ್ದಿರುವ ಆ ಚಕ್ಕೆಯನ್ನು. ಅದು ಬೆರಳುಗುರಿನಷ್ಟಿದ್ದರೂ ಸಾಕು. ಅದನ್ನು 0.03 ಮಿಲಿಮೀಟರ್ ತೆಳುವಿಗೆ ಉಜ್ಜಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಿಪ್ಪಿನ ಕಂಬಗಳೋ ಹೂಳಿನ ಕಣಗಳೋ ಎಂಬುದು ತಿಳಿದುಬಿಡುತ್ತದೆ. ಭೂವಿಜ್ಞಾನ ವಿಭಾಗವಿರುವ ಅನೇಕ ವಿಶ್ವವಿದ್ಯಾಲಯಗಳಲ್ಲಿ, ನೈಸರ್ಗಿಕ ಇತಿಹಾಸದ ವಸ್ತುಸಂಗ್ರಹಾಲಯಗಳಲ್ಲಿ ಇದಕ್ಕೆ ಬೇಕಾದ ಸಲಕರಣೆ ಇರುತ್ತದೆ. ಮೊದಲು ಚಿತ್ರಗಳನ್ನು ಕಳುಹಿಸಿ: ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಆರೂ ಬದಿಯಿಂದ, ಚಕ್ಕೆಯ ಅಂಚಿನದು ತೀರಾ ಹತ್ತಿರದಿಂದ, ಚಪ್ಪಟೆ ಕಲ್ಲಿನದು ಮೇಲಿನಿಂದಲೂ ಅಂಚಿನಿಂದಲೂ. ಚಿತ್ರ ನೋಡಿ ಯಾರಾದರೂ ಪಳೆಯುಳಿಕೆಯೇ ಹೌದು ಎಂದು ಪ್ರಮಾಣಪತ್ರ ಕೊಡಲು ಮುಂದಾದರೆ ನಂಬಬೇಡಿ. ಚಿತ್ರದಿಂದ ಅಲ್ಲ ಎನ್ನುವುದು ಎಷ್ಟೋ ಸಲ ಸಾಧ್ಯ, ಹೌದು ಎನ್ನುವುದು ಕಷ್ಟ.

ಮಾರಾಟಕ್ಕೆ ಈಗ ಒಪ್ಪಬೇಡಿ. ಏನೆಂದು ಗೊತ್ತಿಲ್ಲದ ವಸ್ತುವನ್ನು ಮೊಟ್ಟೆ ಎಂದು ಮಾರಿದರೆ ನಾಳೆ ಅದರ ಹೊಣೆ ನಿಮ್ಮದಾಗುತ್ತದೆ. ಕಾನೂನೂ ಎಲ್ಲೆಡೆ ಒಂದೇ ಇಲ್ಲ. ಬ್ರೆಜಿಲ್ ಮತ್ತು ಮಂಗೋಲಿಯಾಗಳಲ್ಲಿ ಪಳೆಯುಳಿಕೆ ದೇಶದ ಸ್ವತ್ತು. ಅಮೆರಿಕದಲ್ಲಿ ಖಾಸಗಿ ಜಮೀನಿನದು ಜಮೀನಿನ ಒಡೆಯರದು, ಸರ್ಕಾರಿ ಜಮೀನಿನಲ್ಲಿ ಕಶೇರುಕಗಳ ಪಳೆಯುಳಿಕೆ ಎತ್ತಲು ಅನುಮತಿ ಬೇಕು. ನೀವಿರುವಲ್ಲಿ ಏನು ನಿಯಮ ಎಂಬುದನ್ನು ತಿಳಿದುಕೊಳ್ಳದೆ ಇನ್ನೊಂದು ಕಲ್ಲನ್ನೂ ತರಬೇಡಿ. ಕೊಂಡವರ ಮನೆಗೆ ಸೇರಿದ ಮಾದರಿಯ ಜೊತೆ ಅದು ಸಿಕ್ಕ ಜಾಗದ ಮಾಹಿತಿ ಹೋಗುವುದಿಲ್ಲ, ಅದಿಲ್ಲದೆ ಅಸಲಿ ಪಳೆಯುಳಿಕೆಯೂ ಅಧ್ಯಯನಕ್ಕೆ ಅರ್ಧ ಸತ್ತಂತೆ.

ಆದ್ದರಿಂದ ಇವತ್ತೇ ಮಾಡಬೇಕಾದದ್ದು ಆ ಜಾಗವನ್ನು ದಾಖಲಿಸುವುದು. ನೆನಪು ಹಸಿಯಾಗಿರುವಾಗ ಸ್ಥಳದ ಅಕ್ಷಾಂಶ ರೇಖಾಂಶ, ದಂಡೆಯ ಮೇಲಿನಿಂದ ಎಷ್ಟು ಕೆಳಗೆ, ಯಾವ ಬಣ್ಣದ ಪದರದ ಬಳಿ ಎಂಬುದನ್ನು ಬರೆದು ಕಲ್ಲಿನ ಜೊತೆ ಇಡಿ. ಮತ್ತೆ ಹೋಗುವುದಾದರೆ ದಂಡೆ ಒಣಗಿದ ಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಒಮ್ಮೆ ಕುಸಿದ ದಂಡೆ ಮತ್ತೆ ಕುಸಿಯುತ್ತದೆ, ಅದರ ಬುಡದಲ್ಲಿ ನಿಲ್ಲಬೇಡಿ. ಅಗೆಯದೆ ಕಣ್ಣಿನಿಂದ ನೋಡಿ, ಚಿತ್ರ ತೆಗೆಯಿರಿ. ಒಂದೇ ಪದರದಲ್ಲಿ ಇಂಥವೇ ಕಲ್ಲುಗಳು, ಸಣ್ಣವು ದೊಡ್ಡವು ಬೆರೆತು, ದೂರದವರೆಗೆ ಸಾಲಾಗಿ ಕಂಡರೆ ಗಂಟುಕಲ್ಲೆಂಬ ನನ್ನ ಊಹೆ ಗಟ್ಟಿಯಾಗುತ್ತದೆ. ಒಂದೇ ಗಾತ್ರದ ನಾಲ್ಕಾರು ಒತ್ತಾಗಿ ಒಂದೆಡೆ ಇದ್ದು, ಸುತ್ತ ತೆಳುವಾದ ಬಾಗಿದ ಚೂರುಗಳು ಬಿದ್ದಿದ್ದರೆ ಯಾವುದನ್ನೂ ಮುಟ್ಟದೆ ಬನ್ನಿ, ಅಂದೇ ತಜ್ಞರಿಗೆ ತಿಳಿಸಿ.

ಅಲ್ಲಿಯವರೆಗೆ ಕಲ್ಲನ್ನು ಮೆತ್ತನೆಯ ಒಣ ಕುಂಚದಿಂದ ಒರೆಸಿ, ಕಾಗದದಲ್ಲಿ ಸುತ್ತಿ, ತೇವವಿಲ್ಲದ ಕಡೆ ಇಡಿ. ವಾರ್ನಿಷ್, ಎಣ್ಣೆ, ಅಂಟು ಯಾವುದೂ ಬೇಡ. ಹಚ್ಚಿದರೆ ಚಕ್ಕೆಯ ಅಂಚಿನ ಸೂಕ್ಷ್ಮ ರಚನೆ ಮುಚ್ಚಿಹೋಗುತ್ತದೆ. ಮೈಮೇಲೆ ಬಿಳಿ ಅಥವಾ ಹಳದಿ ಪುಡಿ ಏಳಲು ಶುರುವಾಗಿ ಗಂಧಕದ ವಾಸನೆ ಬಂದರೆ ಒಳಗಿನ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಕೊಳೆಯುತ್ತಿದೆ ಎಂದು ತಿಳಿಯಿರಿ. ಆಗ ಕಲ್ಲನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳದ ಡಬ್ಬಿಯಲ್ಲಿಟ್ಟು, ಚಪ್ಪಟೆ ಕಲ್ಲಿನಿಂದ ದೂರ ಇರಿಸಿ, ತಡಮಾಡದೆ ತೋರಿಸಿ.